ಕ್ಷೇಮ ಸಮಾಚಾರ ಬಿಟ್ಟು ಕೆಲಸದ ಮಾತು ಕೇಳಿದ ಮೇಲೆ

ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ದುಡಿದು ರಿಟೈರ್ ಆದವರು ಮೈಸೂರಿನಲ್ಲಿ ಜಾಸ್ತಿ ಇದ್ದಾರೆ. ಕುವೆಂಪುನಗರ, ರಾಮಕೃಷ್ಣನಗರ, ಬೋಗಾದಿ, ವಿಜಯನಗರ, ಎಲ್ಲಿ ಹೋದರೂ ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಸರ್ವಿಸ್ ಪೂರ್ತಿ ವಿಮಾನಪುರದ ಕಡೆಯೋ ಮುರುಗೇಶಪಾಳ್ಯದ ಬಾಡಿಗೆ ಮನೆಯಲ್ಲೋ ಕಳೆದು, ಊರಿಗೆ ಹತ್ತಿರ ಇರೋಣ ಅಂತ ಈ ಕಡೆ ಬಂದವರು. ನಾನೂ ಹಾಗೇ ಬಂದೆ. ಎಂಬತ್ತರ ದಶಕದಲ್ಲಿ ಕಿರಣ್ ತರಬೇತಿ ವಿಮಾನದ ಕೆಲಸಕ್ಕೆ ಸೇರಿದವನು ಕೊನೆಯ ತನಕ ಇನ್ಸ್‌ಪೆಕ್ಷನ್‌ನಲ್ಲೇ ಇದ್ದೆ. ಬೇರೆಯವರು ಮಾಡಿದ ಕೆಲಸವನ್ನು ಟಾರ್ಚ್ ಬಿಟ್ಟು, ಕನ್ನಡಿ ಹಿಡಿದು, ಕೈಯಾಡಿಸಿ ನೋಡುವುದು. ಸರಿ ಇದ್ದರೆ ಜಾಬ್ ಕಾರ್ಡಿಗೆ ಸ್ಟಾಂಪ್ ಒತ್ತುವುದು. ಆ ಸ್ಟಾಂಪ್ ಬೀಳದೆ ಕೆಲಸ ಮುಂದಕ್ಕೆ ಹೋಗುತ್ತಿರಲಿಲ್ಲ.

ಮೈಸೂರು, ಮಂಡ್ಯದ ಕಡೆ ಇರುವ ನಮ್ಮ ಹಳೆಯ ಜೊತೆಗಾರರನ್ನು ಹೇಗೆ ಮತ್ತೆ ಹುಡುಕಿದೆವು, ಅವರ ಕೆಲಸದ ನೆನಪುಗಳನ್ನು ಹೇಗೆ ಬರೆದಿಡಲು ಶುರು ಮಾಡಿದೆವು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ನಮ್ಮದು ಒಂದು ವಾಟ್ಸಾಪ್ ಗ್ರೂಪ್ ಮೊದಲಿಂದಲೂ ಇತ್ತು. ಬೆಳಗ್ಗೆ ಹೂವಿನ ಚಿತ್ರ, ಹಬ್ಬಕ್ಕೆ ದೇವರ ಚಿತ್ರ, ನಡುನಡುವೆ ಯಾರೋ ತೀರಿಕೊಂಡ ಸುದ್ದಿ, ಅದರ ಕೆಳಗೆ ಸಾಲಾಗಿ ಕೈಮುಗಿದ ಗುರುತುಗಳು. ಅಷ್ಟರಲ್ಲೇ ನಡೆಯುತ್ತಿತ್ತು. ಒಂದು ದಿನ ನಮ್ಮ ಪಕ್ಕದ ಬಡಾವಣೆಯಲ್ಲೇ ಇದ್ದ ಶೀಟ್ ಮೆಟಲ್ ಷಾಪಿನ, ಅಂದರೆ ಕಾರ್ಖಾನೆಯ ತಗಡು ಕೆಲಸದ ವಿಭಾಗದ, ಒಬ್ಬರು ತೀರಿಕೊಂಡು ತಿಂಗಳುಗಳೇ ಆಗಿವೆ ಅಂತ ದಿನಸಿ ಅಂಗಡಿಯಲ್ಲಿ ಗೊತ್ತಾಯಿತು. ಅವರಿಗೆ ಫೋನ್ ಬಳಸಲು ಬರುತ್ತಿರಲಿಲ್ಲ, ಗ್ರೂಪಿನಲ್ಲಿ ಇರಲಿಲ್ಲ. ರೆಕ್ಕೆಯ ತಗಡನ್ನು ಅಂಗೈಯಲ್ಲಿ ಸವರಿ, ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಅಂತ ಹೇಳಬಲ್ಲ ಮನುಷ್ಯ ಅವರು. ಆ ಅಂಗೈಗೆ ಗೊತ್ತಿದ್ದದ್ದನ್ನು ಯಾರೂ ಕೇಳಿಟ್ಟುಕೊಳ್ಳಲಿಲ್ಲವಲ್ಲ ಅನ್ನುವುದು ನನಗೆ ತಡೆಯಲಾರದ ಸಂಕಟವಾಯಿತು. ಅವತ್ತೇ ಇಬ್ಬರು ಗೆಳೆಯರಿಗೆ ಫೋನ್ ಮಾಡಿದೆ. ಗ್ರೂಪಿನಲ್ಲಿ ಇಲ್ಲದವರನ್ನು ಹುಡುಕೋಣ ಅಂದೆ.

ಹುಡುಕುವ ಕೆಲಸ ನಾವು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಹಳೆಯ ಡೈರಿಗಳಲ್ಲಿ ಇದ್ದದ್ದೆಲ್ಲ ಲ್ಯಾಂಡ್‌ಲೈನ್ ನಂಬರ್‌ಗಳು, ಒಂದೂ ಈಗ ನಡೆಯುವುದಿಲ್ಲ. ಹೆಸರಿಂದ ಹುಡುಕಿದರೆ ಒಂದೇ ಹೆಸರಿನವರು ಹತ್ತು ಜನ. ಆಮೇಲೆ ಗೊತ್ತಾಯಿತು, ನಮ್ಮವರು ಒಬ್ಬರನ್ನೊಬ್ಬರು ನೆನಪಿಟ್ಟುಕೊಂಡಿರುವುದೇ ಬೇರೆ ಥರ. ‘ಹೈಡ್ರಾಲಿಕ್ಸ್‌ನಲ್ಲಿ ಎಡಗೈಯವರು ಒಬ್ರು ಇದ್ರಲ್ಲ’, ‘ಪೇಂಟ್ ಷಾಪಿನಲ್ಲಿ ಹಾಡ್ತಿದ್ರಲ್ಲ, ಅವ್ರು’ ಅಂತ. ಷಾಪು, ಷಿಫ್ಟು, ಬಸ್ಸಿನ ರೂಟು, ಈ ಮೂರು ಹೇಳಿದರೆ ಸಾಕು, ಯಾರಾದರೂ ಒಬ್ಬರು ಗುರುತು ಹಿಡಿಯುತ್ತಿದ್ದರು. ಮಕ್ಕಳ ಮದುವೆಯ ಹಳೆಯ ಲಗ್ನಪತ್ರಿಕೆಗಳೂ ಉಪಯೋಗಕ್ಕೆ ಬಂದವು. ಅದರಲ್ಲಿ ಊರಿನ ವಿಳಾಸ ಇರುತ್ತೆ, ಅಲ್ವಾ. ಹಾಗೆ ವಿಳಾಸ ಹಿಡಿದು ಪಾಂಡವಪುರಕ್ಕೂ ಮದ್ದೂರಿಗೂ ಹೋಗಿ ಬಂದೆವು. ಶನಿವಾರ ಭಾನುವಾರ ಬೆಂಗಳೂರಿಂದ ಮೈಸೂರಿಗೆ ಬರುತ್ತಿದ್ದ ರೈಲಿನ ಗುಂಪು ಇನ್ನೊಂದು ದಾರಿ. ಮದ್ದೂರಿನಲ್ಲಿ ವಡೆ ಕೊಂಡು ಹಂಚಿ ತಿಂದವರು ಸುಲಭಕ್ಕೆ ಮರೆಯುವುದಿಲ್ಲ.

ಮೊದಲ ಸಲ ಸೇರಿದ್ದು ಕುಕ್ಕರಹಳ್ಳಿ ಕೆರೆಯ ಹತ್ತಿರ. ಬೆಳಗ್ಗೆ ವಾಕಿಂಗ್‌ಗೆ ಹೇಗೂ ಬರುವವರು ಇರುತ್ತಾರೆ ಅಂತ ಆ ಜಾಗ. ಬಂದವರೆಲ್ಲ ಕೈ ಹಿಡಿದುಕೊಂಡರು, ಕಣ್ಣೂ ತುಂಬಿಕೊಂಡರು. ಆದರೆ ಕಾಲು ಗಂಟೆ ಆಗುವಷ್ಟರಲ್ಲಿ ಮಾತು ಮುಗಿದಿತ್ತು. ಶುಗರ್ ಎಷ್ಟಿದೆ, ಬಿಪಿ ಎಷ್ಟಿದೆ, ಮಗ ಎಲ್ಲಿದ್ದಾನೆ, ಮೊಮ್ಮಗಳು ಎಷ್ಟನೇ ಕ್ಲಾಸು. ಇಷ್ಟು ಆದ ಮೇಲೆ ಎಲ್ಲರೂ ಕೆರೆ ನೋಡುತ್ತ ನಿಂತರು.

ಆಗ ಒಬ್ಬರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅದರ ಕಡ್ಡಿಯ ಸ್ಕ್ರೂ ಬಿದ್ದುಹೋಗಿತ್ತು. ಆ ತೂತಿಗೆ ಸಣ್ಣ ತಂತಿ ಪೋಣಿಸಿ, ಎರಡೂ ಎಳೆ ಸೇರಿಸಿ ಹೊಸೆದಿದ್ದರು. ಪಕ್ಕದಲ್ಲಿದ್ದ ಎಂಜಿನ್ ಷಾಪಿನವರು ‘ಕೊಡಿ ಇಲ್ಲಿ’ ಅಂತ ಕನ್ನಡಕ ಇಸ್ಕೊಂಡು ಬೆಳಕಿಗೆ ಹಿಡಿದರು. ‘ಏನ್ ಸಾರ್ ಇದು, ಟ್ವಿಸ್ಟ್ ಇಷ್ಟು ಸಡಿಲ ಬಿಟ್ಟಿದೀರಾ? ತುದಿ ಬೇರೆ ಒಳಕ್ಕೆ ಮಡಚಿಲ್ಲ’ ಅಂದರು. ‘ಇಂಚಿಗೆ ಎಷ್ಟು ಟ್ವಿಸ್ಟ್ ಬೇಕಪ್ಪ ನಿಂಗೆ, ಇದೇನು ಆರ್ಫಿಯಸ್ ಎಂಜಿನ್ನಾ?’ ಅಂತ ಕನ್ನಡಕದವರು ಕೇಳಿದರು. ಅಲ್ಲಿಂದ ಶುರುವಾದ ಮಾತು ಬಿಸಿಲು ಏರುವ ತನಕ ನಿಲ್ಲಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ವಿಮಾನದ ಎಂಜಿನ್ ಒಂದೇ ಸಮನೆ ಅದುರುತ್ತಿರುತ್ತದೆ. ಅದುರಿದರೆ ಬೋಲ್ಟು ಮೆಲ್ಲಗೆ ಸಡಿಲವಾಗುತ್ತದೆ. ಅದಕ್ಕೇ ಬೋಲ್ಟಿನ ತಲೆಯಲ್ಲಿ ತೂತು ಇರುತ್ತದೆ. ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿ ಮಾಡಿದ ಮೇಲೆ ಆ ತೂತಿನಲ್ಲಿ ಲಾಕ್ ವೈರ್ ಪೋಣಿಸಿ, ಹೊಸೆದು, ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಒಂದು ಬೋಲ್ಟು ಬಿಚ್ಚಿಕೊಳ್ಳಲು ನೋಡಿದರೆ ತಂತಿ ಅದನ್ನು ಬಿಗಿಯಾಗುವ ಕಡೆಗೇ ಎಳೆಯಬೇಕು. ಉಲ್ಟಾ ಕಟ್ಟಿದರೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ತುದಿಯನ್ನು ಒಳಕ್ಕೆ ಮಡಚುವುದು ಮುಂದೆ ಅಲ್ಲಿ ಕೈ ಹಾಕುವವನ ಬೆರಳು ಸೀಳಬಾರದು ಅಂತ. ಯಾವತ್ತೋ, ಯಾವುದೋ ಏರ್‌ಬೇಸಿನಲ್ಲಿ, ನಾವು ಮುಖವನ್ನೇ ನೋಡದ ಒಬ್ಬ ಹುಡುಗ ಅಲ್ಲಿ ಕೈ ಹಾಕುತ್ತಾನೆ. ಅವನಿಗೋಸ್ಕರ ಮಡಚುವುದು. ನನ್ನ ಲೆಕ್ಕದಲ್ಲಿ ನಮ್ಮ ಕಸುಬಿನ ಮರ್ಯಾದೆ ಪೂರ್ತಿ ಆ ಮಡಿಕೆಯಲ್ಲಿದೆ.

ಅವತ್ತು ನನಗೆ ಒಂದು ವಿಷಯ ಸ್ಪಷ್ಟವಾಯಿತು. ‘ಹೇಗಿದೀರಿ’ ಅಂತ ಕೇಳಿದರೆ ನಮ್ಮವರು ‘ಹೂಂ, ನಡೀತಿದೆ’ ಅಂತ ಸುಮ್ಮನಾಗುತ್ತಾರೆ. ಕೆಲಸ ಕೇಳಿದರೆ ಬಾಯಿ ಬಿಡುತ್ತಾರೆ. ಅದರಲ್ಲೂ ಸಣ್ಣದು ಕೇಳಬೇಕು. ‘ನಿಮ್ಮ ಅನುಭವ ಹೇಳಿ’ ಅಂದರೆ ಭಾಷಣ ಬರುತ್ತದೆ. ‘ರಿವೆಟ್ ಇಡುವ ಫ್ರಿಜ್ ನಿಮ್ಮ ಷಾಪಲ್ಲಿ ಯಾವ ಮೂಲೇಲಿತ್ತು?’ ಅಂದರೆ ಕಥೆ ಬರುತ್ತದೆ.

ಈ ಪ್ರಶ್ನೆಯನ್ನೇ ನಾನು ಗ್ರೂಪಿಗೆ ಮೊದಲು ಹಾಕಿದ್ದು. ವರ್ಷಗಟ್ಟಲೆ ಒಂದಕ್ಷರ ಬರೆಯದವರೆಲ್ಲ ವಾಯ್ಸ್ ಮೆಸೇಜ್ ಕಳಿಸಿದರು. ತಗಡುಗಳನ್ನು ಸೇರಿಸಲು ಹೊಡೆಯುವ ಮೊಳೆಯೇ ರಿವೆಟ್. ಕೆಲವು ಅಲ್ಯೂಮಿನಿಯಂ ಮಿಶ್ರಲೋಹದ ರಿವೆಟ್‌ಗಳನ್ನು ಕುಲುಮೆಯಲ್ಲಿ ಕಾಯಿಸಿ, ನೀರಿಗೆ ಅದ್ದಿ, ತಕ್ಷಣ ಫ್ರಿಜ್ಜಿನಲ್ಲಿ ಇಡುತ್ತಾರೆ. ತಣ್ಣಗಿರುವಷ್ಟು ಹೊತ್ತು ಮೆತ್ತಗಿರುತ್ತವೆ. ಹೊರಗೆ ತೆಗೆದ ಗಳಿಗೆಯಿಂದ ತಾವಾಗೇ ಗಟ್ಟಿಯಾಗಲು ಶುರು. ಬೆಲ್ಲದ ಪಾಕದ ಹಾಗೆ, ಹದ ಮೀರಿತು ಅಂದರೆ ಮುಗಿಯಿತು, ಆಮೇಲೆ ಹೊಡೆದರೆ ತಲೆ ಬಿರಿಯುತ್ತದೆ. ಅದಕ್ಕೇ ಬೇಕಾದಷ್ಟೇ ತಂದು ಗಡಿಯಾರ ನೋಡಿಕೊಂಡು ಹೊಡೆಯಬೇಕು. ‘ಟೀ ಬೆಲ್ ಆದ್ರೂ ನಾವು ಏಳ್ತಿರಲಿಲ್ಲ ಸಾರ್, ಡಬ್ಬಿ ಖಾಲಿ ಆಗ್ಬೇಕಿತ್ತು’ ಅಂತ ಒಬ್ಬರು ಹೇಳಿದ್ದಾರೆ. ಆ ವಾಯ್ಸ್ ಮೆಸೇಜನ್ನು ನಾನು ಈಗಲೂ ಆಗಾಗ ಕೇಳುತ್ತೇನೆ.

ಆಮೇಲೆ ಮನೆಮನೆಗೆ ಹೋಗಿ ರೆಕಾರ್ಡ್ ಮಾಡುವುದು ಅಂತ ತೀರ್ಮಾನಿಸಿದೆವು. ಇದಕ್ಕೆ ಒಂದು ಬಲವಾದ ಕಾರಣ ಇತ್ತು. ನಮ್ಮಲ್ಲಿ ಯಾರ ಹತ್ತಿರವೂ ಕೆಲಸ ಮಾಡುತ್ತಿರುವ ಫೋಟೋ ಇಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆ, ಗೇಟಿನ ಒಳಗೆ ಕ್ಯಾಮೆರಾ ತರುವಂತಿಲ್ಲ. ಬೇರೆ ಕಡೆ ದುಡಿದವರು ಮೊಮ್ಮಕ್ಕಳಿಗೆ ಆಲ್ಬಂ ತೋರಿಸಿ ‘ನೋಡು, ಇದು ನಾನು’ ಅನ್ನಬಹುದು. ನಮಗೆ ಇರುವುದು ಮಾತು ಒಂದೇ. ಹಾಗೆಯೇ ಯಾವುದನ್ನು ಮಾತಾಡಬಾರದು ಅಂತಲೂ ಮೊದಲೇ ಗೆರೆ ಎಳೆದುಕೊಂಡೆವು. ಡ್ರಾಯಿಂಗು, ಅಳತೆ, ವಾಯುಸೇನೆಗೆ ಸೇರಿದ ವಿಷಯ ಯಾವುದೂ ಬೇಡ. ಕೈಕೆಲಸ, ಜನ, ಷಾಪಿನ ರೂಢಿ, ಇಷ್ಟು ಸಾಕು. ಸರ್ವಿಸ್ ಮುಗಿದರೂ ಆ ಜವಾಬ್ದಾರಿ ಮುಗಿಯುವುದಿಲ್ಲ.

ಹೋಗುತ್ತ ಹೋಗುತ್ತ ಕೆಲವು ಪಾಠ ಕಲಿತೆವು. ಒಬ್ಬರನ್ನೇ ಕೂರಿಸಿ ಕೇಳುವುದಕ್ಕಿಂತ ಒಂದೇ ಷಾಪಿನ ಇಬ್ಬರನ್ನು ಕೂರಿಸುವುದು ಒಳ್ಳೆಯದು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಕೈಗೆ ಏನಾದರೂ ಕೊಡಬೇಕು, ಒಂದು ಕಟಿಂಗ್ ಪ್ಲೇಯರ್ ಆದರೂ ಸರಿ, ಬರಿಗೈಯಲ್ಲಿ ಕೂತರೆ ನೆನಪು ಬರುವುದಿಲ್ಲ. ಮನೆಯಾಕೆ ಜೊತೆಗಿರಬೇಕು. ಓಟಿ ಯಾವ ವರ್ಷ ಜಾಸ್ತಿ ಇತ್ತು, ಯಾವ ಯೋಜನೆಗೆ ರಾತ್ರಿ ಬರುತ್ತಿರಲಿಲ್ಲ ಅನ್ನುವುದು ಇವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಸರಸ್ವತಿಪುರಂನ ಒಂದು ಮನೆಯಲ್ಲಿ ನೋಡಿದ್ದನ್ನು ಹೇಳಲೇಬೇಕು. ರಿವೆಟಿಂಗ್ ಜೋಡಿ ಇಬ್ಬರು. ಒಬ್ಬರು ಹೊರಗಿಂದ ಗನ್ ಹಿಡಿದು ಹೊಡೆಯುವವರು. ಇನ್ನೊಬ್ಬರು ಒಳಗೆ ಇಕ್ಕಟ್ಟಿನಲ್ಲಿ ತೂರಿಕೊಂಡು ರಿವೆಟ್ಟಿನ ಹಿಂಬದಿಗೆ ಡಾಲಿ, ಅಂದರೆ ಉಕ್ಕಿನ ಗಟ್ಟಿ ತುಂಡು, ಒತ್ತಿ ಹಿಡಿಯುವವರು. ನಡುವೆ ತಗಡು. ಮುಖ ಕಾಣುವುದಿಲ್ಲ, ಗನ್ನಿನ ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಹಾಗಾಗಿ ಒಳಗಿನವರು ಡಾಲಿಯಿಂದ ತಟ್ಟಿ ಹೇಳುತ್ತಾರೆ. ಒಂದು ತಟ್ಟು: ಇನ್ನೂ ಹೊಡಿ. ಎರಡು: ಸರಿಯಾಗಿದೆ. ಮೂರು: ಕೆಟ್ಟಿದೆ, ತೆಗಿ. ಈಗ ಇಬ್ಬರಿಗೂ ವಯಸ್ಸಾಗಿ ಕಿವಿ ಮಂದ. ನಾನು ಕೇಳಿದ್ದು ಅವರಿಗೆ ಕೇಳಿಸದೆ, ಅವರು ಹೇಳಿದ್ದು ಇವರಿಗೆ ಕೇಳಿಸದೆ ಒದ್ದಾಡುತ್ತಿದ್ದೆವು. ಅಷ್ಟರಲ್ಲಿ ಒಳಗಿಂದ ಕಾಫಿ ಬಂತು. ‘ಸಕ್ಕರೆ ಸರಿಯಾಯ್ತಾ ಅಣ್ಣ?’ ಅಂತ ಮನೆಯವರು ಕೇಳಿದರು. ಇಬ್ಬರಲ್ಲಿ ಒಬ್ಬರು ಸ್ಟೀಲ್ ಲೋಟದ ಮೇಲೆ ಉಂಗುರದಿಂದ ಟಕ್ ಟಕ್ ಅಂತ ಎರಡು ಸಲ ತಟ್ಟಿದರು. ಎದುರು ಕೂತಿದ್ದ ಜೋಡಿದಾರ ಎದ್ದು ಬಂದು ಅವರ ಹೆಗಲು ಹಿಡಿದುಕೊಂಡರು. ಆಮೇಲೆ ಅವರಿಬ್ಬರೂ ಮಾತಾಡಿದ್ದನ್ನು ರೆಕಾರ್ಡ್ ಮಾಡಿಕೊಳ್ಳಲು ನಾನು ಏನೂ ಕಷ್ಟಪಡಬೇಕಾಗಲಿಲ್ಲ.

ನಮ್ಮಲ್ಲಿ ಹಿರಿಯರೊಬ್ಬರು ಮಂಡ್ಯದಲ್ಲಿದ್ದಾರೆ. ಅರವತ್ತರ ದಶಕದಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು, ಮಾರುತ್ ಯುದ್ಧವಿಮಾನದ ಮೇಲೆ ಕೆಲಸ ಮಾಡಿದವರು. ನಾವೆಲ್ಲ ಅವರನ್ನು ಮೇಷ್ಟ್ರೇ ಅಂತಲೇ ಕರೆಯುವುದು. ಅವರನ್ನು ನೋಡಲು ನಾವು ನಾಲ್ಕೈದು ಜನ ರೈಲಿನಲ್ಲಿ ಹೋದೆವು. ‘ಬನ್ರಪ್ಪ, ಮೊದ್ಲು ಊಟ ಮಾಡಿ, ಆಮ್ಯಾಕೆ ಮಾರುತು ಗೀರುತು’ ಅಂದರು. ಮುದ್ದೆ, ಅವರೆಕಾಳಿನ ಸಾರು. ಊಟದ ನಂತರ ಜಗುಲಿಯಲ್ಲಿ ಕೂತು ಶುರು ಮಾಡಿದರು.

ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಅವರ ಯೋಜನೆ, ಜೊತೆಗೆ ನಿಂತು ಜಾಗ ಕೊಟ್ಟಿದ್ದು ಮೈಸೂರು ಸಂಸ್ಥಾನ. ಯುದ್ಧದ ಕಾಲದಲ್ಲಿ ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇದನ್ನು ಮೇಷ್ಟ್ರು ತಮ್ಮ ಸೀನಿಯರ್‌ಗಳಿಂದ ಕೇಳಿದವರು. ಅವರ ಕಾಲಕ್ಕೆ ಮಾರುತ್ ಬಂದಿತ್ತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ವಿನ್ಯಾಸ. ಮೊದಲು ಮರದಲ್ಲಿ ಪೂರ್ತಿ ಅಳತೆಯ ಗ್ಲೈಡರ್ ಮಾಡಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ನೋಡಿದ್ದರು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಹಾರಿಸಿದ್ದು ಸುರಂಜನ್ ದಾಸ್. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರು ಯಾರದು ಅಂತ ತಿಳಿದವರು ಕಡಿಮೆ ಅನ್ನುವುದು ಮೇಷ್ಟ್ರಿಗೆ ದೊಡ್ಡ ನೋವು. 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ‘ಅವತ್ತು ಕ್ಯಾಂಟೀನ್‌ನಾಗೆ ಒಬ್ರೂ ತಟ್ಟೆ ಮುಟ್ನಿಲ್ಲ ಕಣಪ್ಪ’ ಅಂದವರು ಬಹಳ ಹೊತ್ತು ಮುಂದುವರಿಸಲಿಲ್ಲ. ನಾವೂ ಕೇಳಲಿಲ್ಲ.

ಮಾರುತ್‌ಗೆ ಬೇಕಾದಷ್ಟು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಹಾರಬೇಕಾಯಿತು. ಪುಸ್ತಕಗಳಲ್ಲಿ ಈ ಕೊರತೆಯನ್ನೇ ಜಾಸ್ತಿ ಬರೆಯುತ್ತಾರೆ. ಮೇಷ್ಟ್ರು ಒಪ್ಪುವುದಿಲ್ಲ. ‘ಎಂಜಿನ್ ಕತೆ ಬುಡು. ಆ ಕಾಲದಾಗೇ ನಾವು ಜೆಟ್ಟು ಮಾಡಿದ್ವಲ್ಲ, ಅದುನ್ನ ಬರೀರಿ’ ಅಂದರು. ನೂರಾ ನಲವತ್ತಕ್ಕೂ ಹೆಚ್ಚು ಮಾರುತ್‌ಗಳು ತಯಾರಾಗಿ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಕೆಲಸ ಮಾಡಿವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಒಂದು ನಿಂತಿದೆ. ಮೇಷ್ಟ್ರು ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಯಾವ ಮುಚ್ಚಳದ ಹಿಂದೆ ತಮ್ಮ ಕೈ ಆಡಿತ್ತು ಅಂತ ಒಂದೊಂದಾಗಿ ತೋರಿಸಿದ್ದಾರೆ. ನನ್ನ ಅಭಿಪ್ರಾಯವೂ ಅವರದೇ. ಆ ತಲೆಮಾರಿನ ಫಿಟ್ಟರ್‌ಗಳು ಕಲಿತದ್ದು ನಮಗೆ ಬಂತು, ನಮ್ಮಿಂದ ತೇಜಸ್ ಹುಡುಗರಿಗೆ ಹೋಯಿತು.

ತೇಜಸ್ ಅಂದಾಗ ನಮ್ಮಲ್ಲಿ ಜಗಳ ಖಂಡಿತ. 2001ರ ಜನವರಿ 4ರಂದು ಅದು ಮೊದಲ ಸಲ ಹಾರಿತು. ರಾಜೀವ್ ಕೋಠಿಯಾಲ್ ಹಾರಿಸಿದರು, 18 ನಿಮಿಷ. ಇಷ್ಟರಲ್ಲಿ ಎಲ್ಲರೂ ಒಂದೇ ಮಾತು. ಆದರೆ ಯಾರು ಎಲ್ಲಿ ನಿಂತಿದ್ದರು, ಮೊದಲು ಚಪ್ಪಾಳೆ ತಟ್ಟಿದ್ದು ಯಾವ ಷಾಪಿನವರು ಅನ್ನುವುದಕ್ಕೆ ಪ್ರತಿ ಸಲವೂ ವಾದ. ಮೊದಮೊದಲು ಒಂದು ತೀರ್ಮಾನಕ್ಕೆ ಬರೋಣ ಅಂತ ಪ್ರಯತ್ನಪಟ್ಟೆವು. ಈಗ ಹಾಗೆ ಮಾಡುವುದಿಲ್ಲ. ತಾರೀಖು, ಹೆಸರು, ವಿಮಾನದ ಮಾದರಿ, ಇವನ್ನು ಮಾತ್ರ ಪಕ್ಕಾ ಮಾಡಿಕೊಳ್ಳುತ್ತೇವೆ. ಉಳಿದದ್ದನ್ನು ಅವರವರ ಹೆಸರಲ್ಲಿ ಅವರು ಹೇಳಿದ ಹಾಗೇ ಬರೆಯುತ್ತೇವೆ.

ರಿಟೈರ್ ಆದ ಮೇಲೆ ಖಾಸಗಿ ಏರ್‌ಲೈನ್ ಒಂದಕ್ಕೆ ಹೋದವರೂ ನಮ್ಮ ಜೊತೆ ಇದ್ದಾರೆ. ಅವರು ಹೇಳುವ ಒಂದು ರಾತ್ರಿಯ ಕಥೆ ಎಲ್ಲರಿಗೂ ಇಷ್ಟ. ಕೆಲಸ ಮುಗಿದು ಟೂಲ್ ಬೋರ್ಡ್ ನೋಡಿದರೆ ಬೋಲ್ಟು ತಿರುಗಿಸುವ ಒಂದು ಸಣ್ಣ ಸಾಕೆಟ್‌ನ ಜಾಗ ಖಾಲಿ. ಬೆಳಗಿನ ಜಾವ ವಿಮಾನ ಹೊರಡಬೇಕು, ಮೇಲಿನವರು ಅವಸರ ಮಾಡುತ್ತಿದ್ದಾರೆ. ಇವರು ಸಹಿ ಹಾಕಲಿಲ್ಲ. ಮುಚ್ಚಿದ ಪ್ಯಾನೆಲ್‌ಗಳನ್ನೆಲ್ಲ ಮತ್ತೆ ಬಿಚ್ಚಿಸಿದರು. ಕೊನೆಗೆ ಸಿಕ್ಕಿತು, ಕಂಟ್ರೋಲ್ ಕೇಬಲ್ ಹಾದುಹೋಗುವ ಜಾಗದ ಪಕ್ಕದಲ್ಲೇ. ವಿಮಾನ ತಡವಾಗಿ ಹೋಯಿತು, ಹೋಗಲಿ. ಅಂಥವರ ಜೊತೆ ಕೆಲಸ ಮಾಡಿದ್ದೇನೆ ಅನ್ನುವುದು ನನಗೆ ಹೆಮ್ಮೆ.

ಸಂಪರ್ಕ ಇಟ್ಟುಕೊಂಡಿದ್ದರಿಂದ ಇನ್ನೊಂದು ಉಪಯೋಗವಾಯಿತು, ಇದನ್ನು ಮೊದಲು ಯಾರೂ ಯೋಚಿಸಿರಲಿಲ್ಲ. ಇಪಿಎಸ್, ಅಂದರೆ ಪಿಎಫ್ ಕಚೇರಿಯಿಂದ ಬರುವ ಪಿಂಚಣಿ ನಿಲ್ಲಬಾರದು ಅಂದರೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಬೆರಳಚ್ಚು ಕೊಟ್ಟು ಮಾಡಿಸಲು ಹೋದರೆ ನಮ್ಮ ಷಾಪಿನ ಹಲವರ ಬೆರಳು ಯಂತ್ರಕ್ಕೆ ಹಿಡಿಯುವುದೇ ಇಲ್ಲ. ಜೀವಮಾನವೆಲ್ಲ ಅರ, ಎಮರಿ ಪೇಪರು, ಥಿನ್ನರ್ ಮುಟ್ಟಿದ ಬೆರಳುಗಳು, ಗೆರೆ ಸವೆದುಹೋಗಿವೆ. ಒಬ್ಬರು ಮೂರ್ನಾಲ್ಕು ಕಡೆ ಅಲೆದು ‘ಬದುಕಿದೀನಿ ಅಂತ ಹೇಗಪ್ಪಾ ತೋರಿಸ್ಲಿ’ ಅಂತ ಗ್ರೂಪಿನಲ್ಲಿ ಬೇಜಾರು ಹೇಳಿಕೊಂಡರು. 2021ರಿಂದ ಮುಖ ನೋಡಿ ದೃಢೀಕರಿಸುವ ವ್ಯವಸ್ಥೆ ಬಂದಿದೆ. ಫೋನಿನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಮತ್ತು ಆಧಾರ್‌ನ ಫೇಸ್ ಆರ್‌ಡಿ ಆ್ಯಪ್ ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ ಕೂತು ಕಣ್ಣು ಮಿಟುಕಿಸಿದರೆ ಆಯಿತು. ಪಿಪಿಒ (ಪಿಂಚಣಿ ಆದೇಶದ) ನಂಬರ್ ಕೈಯಲ್ಲಿರಬೇಕು. ಇಪಿಎಸ್‌ನವರು ನವೆಂಬರ್‌ಗೇ ಕಾಯಬೇಕಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಈಗ ನಮ್ಮಲ್ಲಿ ಫೋನ್ ಚೆನ್ನಾಗಿ ಬಲ್ಲವರು ಬಡಾವಣೆ ಹಂಚಿಕೊಂಡು ಮನೆಗೇ ಹೋಗಿ ಮಾಡಿಕೊಡುತ್ತಾರೆ. ತೀರಿಕೊಂಡ ಗೆಳೆಯರ ಹೆಂಡತಿಯರಿಗೂ ಮಾಡಿಕೊಡಬೇಕಲ್ಲ, ಆ ಮನೆಗಳಿಗೆ ಮೊದಲು ಹೋಗುತ್ತೇವೆ. ಶೀಟ್ ಮೆಟಲ್‌ನವರ ಮನೆಗೂ ಹೋಗಿದ್ದೆವು. ಅವರ ಹೆಂಡತಿ ಕಪಾಟಿನಿಂದ ಅವರ ಉಕ್ಕಿನ ಸ್ಕೇಲ್ ತೆಗೆದು ತೋರಿಸಿ, ‘ಇದರಲ್ಲೇ ನನ್ನ ರವಿಕೆ ಅಳತೆನೂ ತೆಗೀತಿದ್ರು ಅಣ್ಣ, ಟೇಪ್ ನಂಬ್ತಿರಲಿಲ್ಲ’ ಅಂದರು. ಅವರು ಹೇಳಿದ್ದನ್ನೂ ಬರೆದುಕೊಂಡೆವು. ಆ ಷಾಪಿನ ಪುಟ ಅವರ ಮಾತಿನಿಂದಲೇ ಶುರುವಾಗುತ್ತದೆ.

ಈಗ ಬರೆದದ್ದು ಎರಡು ದಪ್ಪ ನೋಟ್‌ಬುಕ್ ಆಗಿದೆ. ಒಬ್ಬರ ಮೊಮ್ಮಗಳು ಕಂಪ್ಯೂಟರಿಗೆ ಏರಿಸುತ್ತಿದ್ದಾಳೆ. ಅವಳು ಓದುತ್ತಿರುವುದೂ ಎಂಜಿನಿಯರಿಂಗೇ. ಅರ್ಥವಾಗದ ಕಡೆ ಫೋನ್ ಮಾಡಿ ಕೇಳುತ್ತಾಳೆ, ಹಾಗಾಗಿ ನಾವೂ ಇನ್ನೊಮ್ಮೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಒಳ್ಳೆಯದೇ ಆಯಿತು.

ಎಲೆಕ್ಟ್ರೋಪ್ಲೇಟಿಂಗ್‌ನವರು ಮತ್ತು ಎಂಜಿನ್ ಟೆಸ್ಟ್ ಬೆಡ್‌ನವರು ನಮಗೆ ಇನ್ನೂ ಸಿಕ್ಕಿಲ್ಲ. ಟೆಸ್ಟ್ ಬೆಡ್‌ನಲ್ಲಿ ಎಂಜಿನ್ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಅಂತ ಹೇಳುತ್ತಿದ್ದವರು ಇದ್ದರು, ಅವರಲ್ಲಿ ಇಬ್ಬರು ಶ್ರೀರಂಗಪಟ್ಟಣದ ಕಡೆಯವರು ಅನ್ನುವಷ್ಟು ಸುಳಿವಿದೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥವರು ಇದ್ದರೆ ದಯವಿಟ್ಟು ಅವರಿಗೆ ಹೇಳಿ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಏಳಕ್ಕೆ ಕುಕ್ಕರಹಳ್ಳಿ ಕೆರೆಯ ಹತ್ತಿರ ಇರುತ್ತೇವೆ. ಬರಲು ಆಗದಿದ್ದರೆ ನಾವೇ ಬರುತ್ತೇವೆ. ಮೊದಲು ಅವರ ಷಾಪು ಯಾವುದು ಅಂತ ಕೇಳಿ ತಿಳಿಸಿ.